ಹೈಸ್ಕೂಲಿನ ನಿಜವಾದ ಕೀರ್ತಿ

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶಗಳು ಪ್ರಕಟವಾದೊಡನೆ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳಲ್ಲಿ ಸನ್ಮಾನಸಭೆಗಳ ಕಾಲವು ಪ್ರಾರಂಭವಾಗುವುದನ್ನು ನಮ್ಮ ವಾಚಕರು ಬಲ್ಲರು. ಹೆಚ್ಚಿನ ಅಂಕಗಳನ್ನು ಗಳಿಸಿದ ಬಾಲಕ ಬಾಲಿಕೆಯರಿಗೆ ಶಾಲು ಹೊದಿಸಿ, ಫಲಪುಷ್ಪಗಳನ್ನಿತ್ತು, ಹಿರಿಯರು ನಾಲ್ಕು ಒಳ್ಳೆಯ ಮಾತುಗಳನ್ನಾಡುವರು. ಇದು ಸ್ತುತ್ಯವಾದ ಪದ್ಧತಿ. ವಿದ್ಯೆಗೆ ಮರ್ಯಾದೆ ಸಲ್ಲುವ ಊರು ಎಂದಿಗೂ ಕೆಡದು. ಆ ಮಕ್ಕಳ ಸಂತೋಷದಲ್ಲಿ ನಾವೂ ಭಾಗಿಗಳಾಗುತ್ತೇವೆ.

2025ನೆಯ ಇಸವಿಯ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯು ನೂರಕ್ಕೆ 91.12ರಷ್ಟು ಉತ್ತೀರ್ಣರನ್ನು ಪಡೆದು ರಾಜ್ಯದಲ್ಲಿಯೇ ಪ್ರಥಮಸ್ಥಾನವನ್ನು ಪಡೆಯಿತು. ನೆರೆಯ ಉಡುಪಿಯು 89.96ರೊಡನೆ ದ್ವಿತೀಯಸ್ಥಾನದಲ್ಲಿ ನಿಂತಿತು. ಅದೇ ವರ್ಷ ಕಲಬುರಗಿಯ ಪ್ರಮಾಣವು 42.43 ಮಾತ್ರವಾಗಿತ್ತು. ಅಂಕೆಗಳನ್ನು ನೋಡಿ ಹಿಗ್ಗುವುದು ಸುಲಭ. ಆ ಅಂಕೆಗಳು ಏನನ್ನು ಹೇಳುತ್ತವೆಂದು ವಿಚಾರಿಸುವುದು ಅಷ್ಟು ಸುಲಭವಲ್ಲ. ಆದರೂ ವಿಚಾರಿಸುವುದು ಯುಕ್ತವೆಂದು ನಮಗೆ ತೋರುತ್ತದೆ.

ಎರಡು ವರ್ಷಗಳ ಹಿಂದಿನ ಪಟ್ಟಿಯನ್ನು ತೆರೆದು ನೋಡೋಣ. 2023ರಲ್ಲಿ ಇದೇ ಜಿಲ್ಲೆಯಲ್ಲಿ ನೂರಕ್ಕೆ ಸುಮಾರು 89 ಮಂದಿ ತೇರ್ಗಡೆಯಾಗಿದ್ದರು. ಜಿಲ್ಲೆಗೆ ದೊರೆತ ಸ್ಥಾನವು ಮಾತ್ರ 19ನೆಯದು. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮರಾಗಳನ್ನಿಟ್ಟು ದೂರದಿಂದಲೇ ನೋಡುವ ಏರ್ಪಾಡಾಯಿತು. ರಾಜ್ಯದ ಒಟ್ಟು ಫಲಿತಾಂಶವು ಹಿಂದಿನ ವರ್ಷದ 83.89ರಿಂದ, ಧಾರಾಳವಾಗಿ ಕೃಪಾಂಕಗಳನ್ನು ಕೊಟ್ಟ ಮೇಲೂ, 73.40ಕ್ಕೆ ಇಳಿಯಿತು. ನಮ್ಮ ಜಿಲ್ಲೆಯು 92.12ರೊಡನೆ ಎರಡನೆಯ ಸ್ಥಾನಕ್ಕೆ ಬಂತು. ಇದರ ತಾತ್ಪರ್ಯವೇನು? ಒಂದೇ ವರ್ಷದಲ್ಲಿ ನಮ್ಮ ಮಕ್ಕಳು ಹದಿನೇಳು ಮೆಟ್ಟಿಲುಗಳನ್ನು ಹಾರಿದರೆಂದಲ್ಲ. ಅವರು ಹೆಚ್ಚು ಕಡಿಮೆ ತಾವು ನಿಂತಿದ್ದ ನೆಲದಲ್ಲಿಯೇ ನಿಂತಿದ್ದರು; ಕಾವಲು ಬಿಗಿಯಾದಾಗಲೂ ಆ ನೆಲವು ಕುಸಿಯಲಿಲ್ಲ. ಪ್ರಥಮಸ್ಥಾನಕ್ಕಿಂತಲೂ ಇದು ಹಿರಿದಾದ ಪ್ರಶಸ್ತಿ. ಯಾರೂ ನೋಡದಿದ್ದಾಗ 19ನೆಯವರಾಗಿಯೂ ನೇರವಾಗಿ ಬರೆದ ಮಕ್ಕಳನ್ನು, ಬರೆಯಿಸಿದ ಉಪಾಧ್ಯಾಯರನ್ನು ಆ ವರ್ಷ ಯಾವ ಸಭೆಯಲ್ಲಿಯೂ ಹೊಗಳಿದ್ದನ್ನು ನಾವು ಕೇಳಲಿಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಪರೀಕ್ಷೆಯ ಒಟ್ಟು 625 ಅಂಕಗಳಲ್ಲಿ 125 ಪ್ರಥಮ ಭಾಷೆಗೆ ಮೀಸಲು. ಕನ್ನಡವನ್ನು ಪ್ರಥಮ ಭಾಷೆಯಾಗಿ ಬರೆಯುವ ನಮ್ಮ ಸೀಮೆಯ ಮಗುವಿನ ಮನೆಮಾತು ಹೆಚ್ಚಾಗಿ ಕನ್ನಡವಲ್ಲ. ತುಳು, ಕೊಂಕಣಿ, ಬ್ಯಾರಿ, ಮಲೆಯಾಳ ಇವುಗಳಲ್ಲೊಂದು. ಅದು ಶಾಲೆಯ ಹೊಸ್ತಿಲಲ್ಲಿಯೇ ಕನ್ನಡವನ್ನು ಕಲಿತು, ಹತ್ತು ವರ್ಷಗಳಲ್ಲಿ ಆ ಭಾಷೆಯಲ್ಲಿ ಪೂರ್ಣಾಂಕಗಳನ್ನು ಪಡೆಯುವಷ್ಟು ಬೆಳೆಯುತ್ತದೆ. ಬಂಟ್ವಾಳದಲ್ಲಿ 1874ರಲ್ಲಿ ಜನಿಸಿದ ಪಂಜೆ ಮಂಗೇಶರಾಯರ ಮನೆಮಾತೂ ಕೊಂಕಣಿಯೇ. ಅವರು ಉಪಾಧ್ಯಾಯರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ಮಕ್ಕಳ ನಡುವೆ ಬಾಳಿದವರು. ಕನ್ನಡದ ಮಕ್ಕಳಿಗೆ ಹಾಡನ್ನೂ ಕಥೆಯನ್ನೂ ಕೊಟ್ಟು, 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದರು. ಈ ಸಾಧನೆಯ ಬೀಜವನ್ನು ಬಿತ್ತಿದವರು ಹೈಸ್ಕೂಲಿನ ಪಂಡಿತರಲ್ಲ, ಒಂದನೆಯ ತರಗತಿಯಲ್ಲಿ ಕೈಹಿಡಿದು ಅಕ್ಷರವನ್ನು ತಿದ್ದಿಸಿದವರು. ಸನ್ಮಾನದ ವೇದಿಕೆಯಲ್ಲಿ ಅವರಿಗೆ ಕುರ್ಚಿಯುಂಟೇ ಎಂದು ನಾವು ಕೇಳುತ್ತೇವೆ.

ಮೂಡಬಿದಿರೆಯ ವಿಚಾರಕ್ಕೆ ಬರೋಣ. ಪ್ರಾಕೃತಭಾಷೆಯ ಧವಲಾ ಮತ್ತು ಜಯಧವಲಾ ಗ್ರಂಥಗಳ, ಹಳಗನ್ನಡ ಲಿಪಿಯಲ್ಲಿರುವ ತಾಳೆಯೋಲೆಗಳನ್ನು ಶತಮಾನಗಳ ಕಾಲ ಕಾಪಾಡಿದ ಊರು ಅದು. ಅಲ್ಲಿ ಡಾಕ್ಟರ್ ಎಂ. ಮೋಹನ ಆಳ್ವರ ಸಂಸ್ಥೆಯು ಕನ್ನಡ ಮಾಧ್ಯಮದ ಶಾಲೆಯೊಂದನ್ನು ನಡೆಯಿಸುತ್ತಿದ್ದು, ಪ್ರವೇಶಪರೀಕ್ಷೆಯಲ್ಲಿ ಆಯ್ಕೆಯಾದ ಮಕ್ಕಳಿಗೆ ಉಚಿತವಾಗಿ ವಿದ್ಯೆಯನ್ನು ಕೊಡುತ್ತದೆ. ಬೆಳ್ತಂಗಡಿಯ ಉಜಿರೆಯಲ್ಲಿ ಧರ್ಮಸ್ಥಳದ ಆಶ್ರಯದ ಸಿದ್ಧವನ ಗುರುಕುಲವು ವಿದ್ಯಾರ್ಥಿಗಳಿಗೆ ಅನ್ನವನ್ನೂ ನೆಲೆಯನ್ನೂ ಕೊಟ್ಟು ಬಂದಿದೆ. ಕನ್ನಡದಲ್ಲಿ ಕಲಿತವನು ಹಿಂದುಳಿಯುವನೆಂಬ ಭೀತಿಯು ಮನೆಮನೆಗೆ ಹೊಕ್ಕಿರುವಾಗ, ಇಂತಹ ಸಂಸ್ಥೆಗಳ ಸೇವೆಯು ಸಾಮಾನ್ಯವಾದುದಲ್ಲ.

ಆದರೆ ಆರಿಸಿದ ಮಕ್ಕಳ ಶಾಲೆಯನ್ನೂ, ಬಂದವರೆಲ್ಲರನ್ನೂ ಸೇರಿಸಿಕೊಳ್ಳುವ ಸರಕಾರಿ ಹೈಸ್ಕೂಲನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಚಾರ್ಮಾಡಿ, ಶಿಶಿಲ, ಕುತ್ಲೂರುಗಳಂತಹ ಘಟ್ಟದ ತಪ್ಪಲಿನ ಗ್ರಾಮಗಳಿಂದ ಮಳೆಗಾಲದಲ್ಲಿ ಕಾಲುಸಂಕವನ್ನು ದಾಟಿ ಬರುವ ಮಗುವೂ ಉಂಟು. ಮನೆಯಲ್ಲಿ ತಾನೇ ಮೊದಲು ಪುಸ್ತಕವನ್ನು ಹಿಡಿದ ಮಲೆಕುಡಿಯರ ಬಾಲಿಕೆಯೂ ಉಂಟು. ತಾಯಿ ಬೀಡಿ ಕಟ್ಟಿ ಓದಿಸುವ ಹುಡುಗನೂ ಉಂಟು. ಇಂತಹವರು ಪಡೆದ 300 ಅಂಕಗಳು ಅನುಕೂಲಸ್ಥರ 600 ಅಂಕಗಳಿಗಿಂತ ಕಿರಿದೆಂದು ಹೇಳಲು ನಮ್ಮ ನಾಲಗೆ ಏಳದು. ಒಂದು ಮಗು ಎಲ್ಲಿಗೆ ಮುಟ್ಟಿತೆಂಬುದನ್ನು ಪತ್ರಿಕೆಗಳು ಅಚ್ಚು ಮಾಡುತ್ತವೆ. ಎಲ್ಲಿಂದ ಹೊರಟಿತೆಂಬುದನ್ನು ಶಾಲೆಯ ಉಪಾಧ್ಯಾಯರು ಮಾತ್ರ ಬಲ್ಲರು.

ಇನ್ನು ಉಳಿದ ಒಂಬತ್ತು ಮಂದಿ. ನೂರಕ್ಕೆ 91 ಮಂದಿ ಗೆದ್ದರೆಂದರೆ ಸುಮಾರು ಒಂಬತ್ತು ಮಂದಿ ಸೋತರೆಂದೇ ಅರ್ಥ. ಫಲಿತಾಂಶದ ದಿನ ಊರೆಲ್ಲ ಸಿಹಿ ಹಂಚುತ್ತಿರುವಾಗ ಅವರು ಮನೆಯ ಹಿಂಬಾಗಿಲಲ್ಲಿ ಕುಳಿತಿರುವರು. ಹದಿನಾರರ ಪ್ರಾಯದಲ್ಲಿ ಆ ಒಂದು ದಿನದ ಅವಮಾನವು ಜೀವನವನ್ನೇ ತಿರುಗಿಸಬಲ್ಲುದು. ಒಂದೇ ವರ್ಷದಲ್ಲಿ ಮರಳಿ ಮರಳಿ ಪರೀಕ್ಷೆಗೆ ಕುಳಿತುಕೊಳ್ಳಲು ಅವಕಾಶವನ್ನೀಯುವ ಕ್ರಮವು 2024ರಲ್ಲಿ ಆರಂಭವಾದುದು ಇಂತಹವರ ಪಾಲಿಗೆ ದೊಡ್ಡ ಉಪಕಾರವೇ ಸರಿ. ಆದರೆ ಮೊದಲನೆಯ ಫಲಿತಾಂಶಕ್ಕೂ ಎರಡನೆಯ ಪರೀಕ್ಷೆಗೂ ನಡುವೆ ದೊರೆಯುವುದು ಕೆಲವೇ ವಾರಗಳು. ನಮ್ಮ ಸನ್ಮಾನಸಭೆಗಳು ನಡೆಯುವುದೂ ಅದೇ ಸಮಯದಲ್ಲಿ! ಹಾರಗಳಿಗೂ ಪೆಂಡಾಲಿಗೂ ವ್ಯಯವಾಗುವ ಹಣದಲ್ಲಿ ಒಂದು ಪಾಲನ್ನು ತೆಗೆದಿರಿಸಿ, ಗಣಿತ, ವಿಜ್ಞಾನ, ಇಂಗ್ಲೀಷುಗಳಲ್ಲಿ ಎಡವಿದ ಮಕ್ಕಳಿಗೆ ಆಯಾ ಊರಿನಲ್ಲಿಯೇ ಪಾಠವನ್ನೂ ಮಧ್ಯಾಹ್ನದ ಊಟವನ್ನೂ ಬಸ್ಸಿನ ಖರ್ಚನ್ನೂ ಏರ್ಪಡಿಸಿದರೆ, ಅದಕ್ಕಿಂತ ದೊಡ್ಡ ವಿದ್ಯಾದಾನವುಂಟೇ? ನಿವೃತ್ತ ಉಪಾಧ್ಯಾಯರಿಗೆ ನಮ್ಮಲ್ಲಿ ಕೊರತೆಯಿಲ್ಲ, ಕರೆದವರು ಬೇಕು.

ಈ ಮೂರು ಸ್ಥಳಗಳ ವರ್ತಕಮಹಾಶಯರಲ್ಲಿಯೂ, ಸಂಘಸಂಸ್ಥೆಗಳ ಪದಾಧಿಕಾರಿಗಳಲ್ಲಿಯೂ, ವಿದ್ಯಾ ಇಲಾಖೆಯ ಅಧಿಕಾರಿಗಳಲ್ಲಿಯೂ ನಮ್ಮ ವಿಜ್ಞಾಪನೆ ಇಷ್ಟೇ. ಉತ್ತಮ ಅಂಕಗಳನ್ನು ಪಡೆದವರಿಗೆ ಅಗತ್ಯವಾಗಿ ಹಾರ ಹಾಕಿರಿ. ಅವರ ಪಕ್ಕದಲ್ಲಿ ಅವರ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯನ್ನು ಕುಳ್ಳಿರಿಸಿರಿ. ಕಷ್ಟದ ದಾರಿಯಲ್ಲಿ ನಡೆದು ಸಾಧಾರಣ ಅಂಕಗಳೊಡನೆ ತೇರ್ಗಡೆಯಾದವನನ್ನೂ ಹೆಸರಿಟ್ಟು ಕರೆಯಿರಿ. ಸೋತವರ ಹೆಸರನ್ನು ಮಾತ್ರ ಸಭೆಯಲ್ಲಿ ಎತ್ತಬೇಡಿರಿ. ಅವರ ಮನೆಗೆ ಹೋಗಿ ಬಾಗಿಲು ತಟ್ಟಿರಿ. ಎರಡನೆಯ ಪರೀಕ್ಷೆಯ ಫಲಿತಾಂಶವು ಹೊರಬಿದ್ದ ದಿನ ಆ ಮನೆಗಳಲ್ಲಿಯೂ ಸಿಹಿ ಹಂಚುವಂತಾದರೆ, ಜಿಲ್ಲೆಯು ಎಷ್ಟನೆಯ ಸ್ಥಾನದಲ್ಲಿದ್ದರೂ ನಮಗೆ ಚಿಂತೆಯಿಲ್ಲ.