ಫೋಮ್ ನೋಡಿ ರೆಸಿನ್ ತನ್ನಿ

ಥರ್ಮೊಕೋಲ್ ತುಂಡಿನ ಮೇಲೆ ಒಂದು ಚಮಚ ಪಾಲಿಯೆಸ್ಟರ್ ರೆಸಿನ್ ಸುರಿದರೆ ನೋಡನೋಡುತ್ತಲೇ ಬಿಳಿ ಮಣಿಗಳು ಕರಗಿ ಅಂಟಂಟಾದ ಗುಳಿ ಬೀಳುತ್ತದೆ. ರೆಸಿನ್ನಿನಲ್ಲಿರುವ ಸ್ಟೈರೀನಿನ ಕೆಲಸ ಅದು. ಮನೆಯಲ್ಲೇ ಸರ್ಫ್‌ಬೋರ್ಡ್ ಮಾಡಹೊರಟವರು "ಯಾವ ರೆಸಿನ್ ಆದರೇನು, ಗಟ್ಟಿಯಾದರೆ ಆಯಿತು" ಎಂದು ಅಗ್ಗದ್ದನ್ನು ತಂದರೆ, ದಿನಗಟ್ಟಲೆ ಉಜ್ಜಿ ಆಕಾರ ಕೊಟ್ಟ ಫೋಮ್ ಹೀಗೇ ಹಾಳಾಗುತ್ತದೆ.

ಕ್ಯಾಲಿಫೋರ್ನಿಯಾದ ಸರ್ಫ್‌ಬೋರ್ಡ್ ತಯಾರಕ ಬಾಬ್ ಸಿಮನ್ಸ್ 1940ರ ದಶಕದ ಕೊನೆಯಲ್ಲೇ ಥರ್ಮೊಕೋಲಿನಂಥ ಪಾಲಿಸ್ಟೈರೀನ್ ಫೋಮ್ ಬಳಸಿದ್ದರು. ಅದರ ಮೇಲೆ ತೆಳು ಪ್ಲೈವುಡ್ ಹೊದಿಸಿ ರೆಸಿನ್ ತಾಗದಂತೆ ಕಾಪಾಡಿಕೊಂಡಿದ್ದರು. ಸ್ಟೈರೀನಿಗೆ ಕರಗದ ಪಾಲಿಯುರೆಥೇನ್ (ಪಿಯು) ಫೋಮ್ 1950ರ ದಶಕದ ಕೊನೆಗೆ ಬಂತು. ಆಮೇಲೆ ಪಿಯು–ಪಾಲಿಯೆಸ್ಟರ್ ಜೋಡಿಯದೇ ಕಾರುಬಾರು. 2005ರ ಡಿಸೆಂಬರ್ 5ರಂದು ಅಮೆರಿಕದ ಬಹುಪಾಲು ಬೋರ್ಡುಗಳಿಗೆ ಫೋಮ್ ಒದಗಿಸುತ್ತಿದ್ದ ಕ್ಲಾರ್ಕ್ ಫೋಮ್ ಕಂಪನಿ ದಿಢೀರನೆ ಬಾಗಿಲು ಹಾಕಿದಾಗ, ಅನೇಕರು ಥರ್ಮೊಕೋಲ್ ಮತ್ತು ಅದನ್ನು ಕರಗಿಸದ ಎಪಾಕ್ಸಿ ರೆಸಿನ್ನಿನತ್ತ ಹೊರಳಿದರು. ಪಿಯುಗೆ ಪಾಲಿಯೆಸ್ಟರ್, ಥರ್ಮೊಕೋಲ್‌ಗೆ ಎಪಾಕ್ಸಿ, ಬೇರೆ ಜೋಡಿ ಇಲ್ಲವೇ ಇಲ್ಲ ಎಂಬ ನಂಬಿಕೆ ಇಂದಿಗೂ ಇದೆ. ಅದು ಅರ್ಧ ಮಾತ್ರ ನಿಜ. ಎಪಾಕ್ಸಿ ಎರಡೂ ಫೋಮಿಗೆ ಹೊಂದುತ್ತದೆ.

ಇನ್ನು "ರೆಸಿನ್ ದಪ್ಪಗೆ ಬಳಿದಷ್ಟೂ ಬೋರ್ಡು ಗಟ್ಟಿ" ಎಂಬ ಮಾತು. ಬಲ ಬರುವುದು ಮುಖ್ಯವಾಗಿ ಫೋಮಿನ ಮೇಲೆ ಹೊದಿಸುವ ಗಾಜಿನ ನಾರಿನ ಬಟ್ಟೆಯಿಂದ. ಬಟ್ಟೆ ಪೂರ್ತಿ ನೆನೆದ ಮೇಲೆ ಉಳಿದ ರೆಸಿನ್ನನ್ನು ಸ್ಕ್ವೀಜಿಯಿಂದ ಎಳೆದು ತೆಗೆಯಬೇಕು. ಬಿಟ್ಟರೆ ತೂಕ ಹೆಚ್ಚುತ್ತದೆ, ಹೊರಪದರ ಬೇಗ ಬಿರುಕು ಬಿಡುತ್ತದೆ.

ಹೆಚ್ಚು ಜನ ಎಡವುವುದು ಹಾರ್ಡನರ್ ಬೆರೆಸುವಾಗ. ಪಾಲಿಯೆಸ್ಟರ್‌ಗೆ ಹಾಕುವ ಎಂಇಕೆಪಿ ಕ್ಯಾಟಲಿಸ್ಟ್ ಕ್ರಿಯೆಯನ್ನು ಶುರುಮಾಡಿಸುತ್ತದೆ, ಅಷ್ಟೆ. ಸಾಮಾನ್ಯವಾಗಿ ಶೇ 1ರಿಂದ 2ರಷ್ಟು ಸಾಕು. ಸೆಕೆಯ ದಿನ ಆ ಮಿತಿಯೊಳಗೇ ಕಡಿಮೆ, ಚಳಿಯಲ್ಲಿ ತುಸು ಹೆಚ್ಚು. ಇದನ್ನು ರೂಢಿ ಮಾಡಿಕೊಂಡವರು ಎಪಾಕ್ಸಿಗೂ "ಬೇಗ ಸೆಟ್ ಆಗಲಿ" ಎಂದು ಹಾರ್ಡನರ್ ಜಾಸ್ತಿ ಸುರಿಯುತ್ತಾರೆ. ಎಪಾಕ್ಸಿಯ ಹಾರ್ಡನರ್ ರೆಸಿನ್ನಿನೊಡನೆ ಸೇರಿ ಅದರ ಭಾಗವೇ ಆಗಿಬಿಡುತ್ತದೆ. ಹೆಚ್ಚಾದದ್ದಕ್ಕೆ ಜೊತೆ ಸಿಗದೆ ಹಾಗೇ ಉಳಿದು, ಬೋರ್ಡು ಮೆತ್ತಗಾಗುತ್ತದೆ. ಡಬ್ಬಿಯ ಮೇಲಿನ ಪ್ರಮಾಣವನ್ನು ಚಾಚೂ ತಪ್ಪದೆ ಪಾಲಿಸಬೇಕು, ಅದು ತೂಕದ ಲೆಕ್ಕವೋ ಗಾತ್ರದ ಲೆಕ್ಕವೋ ಎಂಬುದನ್ನೂ ನೋಡಬೇಕು. ಬೇಗ ಗಟ್ಟಿಯಾಗಬೇಕಿದ್ದರೆ 'ಫಾಸ್ಟ್' ಹಾರ್ಡನರನ್ನೇ ಕೊಳ್ಳಬೇಕು.

ಎಪಾಕ್ಸಿ ಬಳಿದ ಥರ್ಮೊಕೋಲ್ ಬೋರ್ಡನ್ನು ಬಿಸಿಲಿಗಿಡುವುದೂ ತಪ್ಪೇ. ಫೋಮಿನೊಳಗಿನ ಗಾಳಿ ಹಿಗ್ಗಿ ಹೊರನುಗ್ಗುತ್ತದೆ, ಹಸಿ ರೆಸಿನ್ ತುಂಬ ಸೂಜಿಮೊನೆಯಷ್ಟು ತೂತುಗಳು. ಬಿಸಿಲು ಇಳಿಯುವ ಹೊತ್ತಿಗೆ ಕೆಲಸ ಶುರುಮಾಡಿದರೆ ಈ ಕಾಟವಿಲ್ಲ.

ಬಟ್ಟೆ ನೆನೆಸಲು ಬಳಸುವ ಲ್ಯಾಮಿನೇಟಿಂಗ್ ಪಾಲಿಯೆಸ್ಟರ್ ಗಟ್ಟಿಯಾದ ಮೇಲೂ ಕೈಗೆ ಅಂಟಿದರೆ ಮಾಲು ಕೆಟ್ಟಿದೆ ಎನ್ನುವವರಿದ್ದಾರೆ. ಗಾಳಿಯ ಆಮ್ಲಜನಕ ಮೇಲ್ಮೈಯನ್ನು ಪೂರ್ತಿ ಗಟ್ಟಿಯಾಗಲು ಬಿಡುವುದಿಲ್ಲ, ಆ ಅಂಟಿನಿಂದಲೇ ಮುಂದಿನ ಪದರ ಕಚ್ಚಿಕೊಳ್ಳುತ್ತದೆ. ಮೇಲೆ ಬಳಿಯುವ ಸ್ಯಾಂಡಿಂಗ್ ರೆಸಿನ್ನಿನಲ್ಲಿ ಮೇಣವಿರುತ್ತದೆ. ಅದು ತೇಲಿಬಂದು ಗಾಳಿಯನ್ನು ತಡೆಯುವುದರಿಂದ ಆ ಪದರ ಉಜ್ಜುವಷ್ಟು ಗಟ್ಟಿಯಾಗುತ್ತದೆ. ಉಜ್ಜದೆ ಅದರ ಮೇಲೆ ಮತ್ತೇನೂ ನಿಲ್ಲದು.

ಎರಡೂ ರೆಸಿನ್ ಸೇರಿಸುವುದಾದರೆ ಕ್ರಮ ಮುಖ್ಯ. ಗಟ್ಟಿಯಾದ ಪಾಲಿಯೆಸ್ಟರನ್ನು ಚೆನ್ನಾಗಿ ಉಜ್ಜಿದರೆ ಎಪಾಕ್ಸಿ ಅದನ್ನು ಬಿಗಿಯಾಗಿ ಹಿಡಿಯುತ್ತದೆ. ಹಳೆಯ ಪಿಯು ಬೋರ್ಡಿನ ಒಡಕನ್ನು ಹೀಗೆ ಸರಿಪಡಿಸಬಹುದು. ತಿರುಗುಮುರುಗು ಮಾಡಿದರೆ ನಂಬುವಂತಿಲ್ಲ. ಎಪಾಕ್ಸಿಯಲ್ಲಿ ಉಳಿದ, ಹಾರ್ಡನರಿನ ಅಮೈನ್ ಪಾಲಿಯೆಸ್ಟರ್ ಗಟ್ಟಿಯಾಗುವುದಕ್ಕೇ ಅಡ್ಡಿ. ಒಂದೇ ಲೋಟದಲ್ಲಿ ಎರಡನ್ನೂ ಕಲಸುವುದಂತೂ ಬೇಡವೇ ಬೇಡ.

ಸರ್ಫಿಂಗ್ ಬೇರೂರಿರುವ ಮೂಲ್ಕಿಯ ಆಸುಪಾಸಿನಲ್ಲಿ ಮೀನುಗಾರರ ಫೈಬರ್ ದೋಣಿಗಳಿಗೆ ಬಳಕೆಯಾಗುವುದೂ ಪಾಲಿಯೆಸ್ಟರೇ. ಇಂಥ ರೆಸಿನ್ನಿಗೆ ಕೆಲವೊಮ್ಮೆ ಕ್ರಿಯೆಯನ್ನು ಚುರುಕುಗೊಳಿಸುವ ಕೋಬಾಲ್ಟ್ ಬೇರೆಯಾಗಿ ಸೇರಿಸಬೇಕಾಗುತ್ತದೆ. ಮೊದಲು ಕೋಬಾಲ್ಟನ್ನು ರೆಸಿನ್ನಿಗೆ ಪೂರ್ತಿ ಕಲಸಿ, ಆಮೇಲಷ್ಟೇ ಕ್ಯಾಟಲಿಸ್ಟ್ ಹಾಕಬೇಕು. ಅವೆರಡು ನೇರವಾಗಿ ಕೂಡಿದರೆ ಬೆಂಕಿ ಹೊತ್ತಬಹುದು, ಸಿಡಿಯಲೂಬಹುದು. ಕ್ಯಾಟಲಿಸ್ಟ್ ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ.

ಎಪಾಕ್ಸಿಗೆ ಅಷ್ಟು ವಾಸನೆಯಿಲ್ಲ, ಹಾಗಾಗಿ ಸುರಕ್ಷಿತ ಎಂದು ಬರಿಗೈಯಲ್ಲಿ ಕೆಲಸ ಮಾಡುವವರೂ ಇದ್ದಾರೆ. ಪದೇಪದೇ ಚರ್ಮಕ್ಕೆ ತಾಗಿದರೆ ಅಲರ್ಜಿ ಹತ್ತುತ್ತದೆ. ಒಮ್ಮೆ ಹತ್ತಿದರೆ ಸಾಮಾನ್ಯವಾಗಿ ಅದು ಬಿಡುವುದಿಲ್ಲ, ಆಮೇಲೆ ಚೂರು ತಾಗಿದರೂ ತುರಿಕೆ, ಗುಳ್ಳೆ. ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಬೇಕು. ಕೈಗೆ ಮೆತ್ತಿದರೆ ಥಿನ್ನರ್ ಬಳಸದೆ ಸೋಪು ನೀರಿನಲ್ಲಿ ತೊಳೆಯಬೇಕು.