ಹಳೆಯ ವಾಸ್ತುಗ್ರಂಥಗಳೂ ಹೊಸ ಕಟ್ಟಡದ ಪುಸ್ತಕಗಳೂ

ವಾಸ್ತುಶಾಸ್ತ್ರವೆಂಬ ಮಾತು ಈಗ ನಮ್ಮ ಪಟ್ಟಣಗಳಲ್ಲಿ ಎಲ್ಲರ ಬಾಯಲ್ಲಿಯೂ ಇದೆ. ಮನೆಯನ್ನು ಕೊಳ್ಳುವವರು ಅಡಿಗೆಮನೆಯು ಆಗ್ನೇಯದಲ್ಲಿದೆಯೇ, ಹೆಬ್ಬಾಗಿಲು ಪೂರ್ವಕ್ಕಿದೆಯೇ ಎಂದು ಮೊದಲು ವಿಚಾರಿಸುವರು. ಇಲ್ಲವೆಂದಾದರೆ ಗಟ್ಟಿಯಾದ ಗೋಡೆಯನ್ನೇ ಒಡೆಯಿಸುವರು. ಆದರೆ ಆ ಶಾಸ್ತ್ರದ ಮೂಲಗ್ರಂಥಗಳಲ್ಲಿ ಒಂದನ್ನಾದರೂ ತೆರೆದು ನೋಡಿದವರು ಅವರಲ್ಲಿ ಎಷ್ಟು ಮಂದಿ? ಇತ್ತ, ಎಂಜಿನಿಯರಿಂಗ್ ವಿದ್ಯೆಯನ್ನು ಕಲಿತು ಬಂದ ತರುಣರಲ್ಲಿ ಹಲವರು ಇವೆಲ್ಲವೂ ಮೂಢನಂಬಿಕೆಯ ಕಂತೆಯೆಂದು ತಳ್ಳಿಬಿಡುವರು. ಅವರೂ ಓದಿದವರಲ್ಲ. ಓದದೆ ಪೂಜಿಸುವುದೂ ಓದದೆ ಹಳಿಯುವುದೂ ಒಂದೇ ಬಗೆಯ ಅಪಚಾರವೆಂದು ನಾವು ಎಣಿಸುತ್ತೇವೆ. ಆದುದರಿಂದ ಹಿಂದಿನವರ ಗ್ರಂಥಗಳಲ್ಲಿ ಇರುವುದೇನು, ಈಗಿನವರ ಪುಸ್ತಕಗಳಲ್ಲಿ ಇರುವುದೇನು ಎಂಬುದನ್ನು ವಾಚಕ ಮಹಾಶಯರ ಮುಂದೆ ಇಡುವುದು ಉಚಿತವೆಂದು ತೋರಿದೆ.

ನಮ್ಮ ದೇಶದ ವಾಸ್ತುಗ್ರಂಥಗಳು ಹಲವು. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಮನೆ, ದೇವಾಲಯ, ಗಾರೆ, ಮರ ಇವುಗಳ ವಿಷಯವಾದ ಅಧ್ಯಾಯಗಳಿವೆ. ದಕ್ಷಿಣದೇಶದಲ್ಲಿ ಮಯಮತ, ಮಾನಸಾರಗಳು ಪ್ರಸಿದ್ಧವಾದುವು. ಹನ್ನೊಂದನೆಯ ಶತಮಾನದಲ್ಲಿ ಧಾರಾನಗರದ ಭೋಜರಾಜನ ಹೆಸರಿನಲ್ಲಿ ಸಮರಾಂಗಣ ಸೂತ್ರಧಾರವು ಹುಟ್ಟಿತು. ಇವುಗಳನ್ನು ಅಡಿಗೆಮನೆಯ ದಿಕ್ಕು ಹೇಳುವ ಪಂಚಾಂಗಗಳೆಂದು ತಿಳಿದವರಿಗೆ ಇವುಗಳ ಒಳಗಿನ ವಿಷಯವು ಆಶ್ಚರ್ಯವನ್ನುಂಟುಮಾಡದೆ ಇರದು.

ಮೊದಲನೆಯದಾಗಿ ನೆಲದ ಪರೀಕ್ಷೆ. ಒಂದು ಮೊಳದ ಗುಂಡಿಯನ್ನು ತೋಡಿ ಅದೇ ಮಣ್ಣನ್ನು ಮರಳಿ ತುಂಬಬೇಕು. ಮಣ್ಣು ಮಿಕ್ಕರೆ ನೆಲ ಉತ್ತಮ, ಸರಿಹೋದರೆ ಮಧ್ಯಮ, ಸಾಲದೆಹೋದರೆ ಅಧಮ ಎಂದು ವರಾಹಮಿಹಿರನು ಹೇಳುತ್ತಾನೆ. ಅಥವಾ ಗುಂಡಿಗೆ ನೀರು ತುಂಬಿ, ನೂರು ಹೆಜ್ಜೆ ನಡೆದು ಹಿಂದಿರುಗಿ, ನೀರು ಇಂಗಿದೆಯೇ ಎಂದು ನೋಡಬೇಕು. ಸಡಿಲ ನೆಲವನ್ನೂ ಗಟ್ಟಿ ನೆಲವನ್ನೂ ಯಂತ್ರದ ಸಹಾಯವಿಲ್ಲದೆ ಬೇರ್ಪಡಿಸುವ ಉಪಾಯವಿದು. ಎರಡನೆಯದು ಅಳತೆ. ಎಂಟು ಯವೆಗೆ ಒಂದು ಅಂಗುಲ, ಇಪ್ಪತ್ತನಾಲ್ಕು ಅಂಗುಲಕ್ಕೆ ಒಂದು ಹಸ್ತ. ಕೆಲಸಕ್ಕೆ ತಕ್ಕಂತೆ 25, 26, 27 ಅಂಗುಲಗಳ ಹಸ್ತಗಳೂ ಉಂಟು. ಮೂರನೆಯದು ದಿಕ್ಕು. ನೆಲದ ಮೇಲೆ ವೃತ್ತವನ್ನೆಳೆದು, ನಡುವೆ ಶಂಕುವನ್ನು ನಿಲ್ಲಿಸಿ, ಪೂರ್ವಾಹ್ಣದಲ್ಲಿಯೂ ಅಪರಾಹ್ಣದಲ್ಲಿಯೂ ನೆರಳಿನ ತುದಿ ವೃತ್ತವನ್ನು ಮುಟ್ಟುವ ಎರಡು ಬಿಂದುಗಳನ್ನು ಕೂಡಿಸಿದರೆ ಪೂರ್ವಪಶ್ಚಿಮ ರೇಖೆಯು ದೊರೆಯುವುದು. ಇದು ಶುದ್ಧವಾದ ಗಣಿತ.

ಎಲ್ಲಕ್ಕಿಂತಲೂ ಮುಖ್ಯವಾದುದು ಕೆಲಸಗಾರರ ವಿಷಯ. ಮಯಮತ ಮಾನಸಾರಗಳು ಸ್ಥಪತಿ, ಸೂತ್ರಗ್ರಾಹಿ, ತಕ್ಷಕ, ವರ್ಧಕಿ ಎಂದು ನಾಲ್ವರನ್ನು ಹೇಳುತ್ತವೆ. ಕಟ್ಟಡದ ಯೋಜನೆ, ಅಳತೆಯ ದಾರ, ಕಡಿದು ಕೆತ್ತುವುದು, ಕೂಡಿಸಿ ಎಬ್ಬಿಸುವುದು ಹೀಗೆ ಒಬ್ಬೊಬ್ಬನಿಗೆ ಒಂದೊಂದು ಹೊಣೆ. ಎಂದರೆ, ಗ್ರಂಥವು ಏಕಾಂತದಲ್ಲಿ ಓದುವವನಿಗಾಗಿ ಹುಟ್ಟಿದುದಲ್ಲ; ಕೂಡಿ ದುಡಿಯುವ ಒಂದು ಪಂಗಡದ ನೆನಪಿಗಾಗಿ ಹುಟ್ಟಿದುದು. ಆದುದರಿಂದಲೇ ಅದರಲ್ಲಿ ಪ್ರಮಾಣವಿದೆ, ಕಾರಣವಿಲ್ಲ, ಹೆಸರಿದೆ, ಚಿತ್ರವಿಲ್ಲ. ಕಾರಣವನ್ನು ಗುರುವು ಹೇಳುತ್ತಿದ್ದನು. ಚಿತ್ರವನ್ನು ಕೈ ಬಲ್ಲುದಾಗಿತ್ತು.

ಪಶ್ಚಿಮದೇಶದಲ್ಲಿಯೂ ಆದಿಯಲ್ಲಿ ಸ್ಥಿತಿಯು ಹೀಗೆಯೇ ಇದ್ದಿತು. ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ರೋಮಿನ ವಿಟ್ರೂವಿಯಸನು ಹತ್ತು ಭಾಗಗಳ ಗ್ರಂಥವನ್ನು ರಚಿಸಿ ಚಕ್ರವರ್ತಿ ಅಗಸ್ಟಸನಿಗೆ ಅರ್ಪಿಸಿದನು. ಕಟ್ಟಡವು ಗಟ್ಟಿಯಾಗಿಯೂ ಉಪಯುಕ್ತವಾಗಿಯೂ ಸುಂದರವಾಗಿಯೂ ಇರಬೇಕೆಂಬುದು ಅವನ ಮತ. ಅದರ ಮೂಲಚಿತ್ರಗಳು ನಷ್ಟವಾಗಿಹೋದುವು. ಹದಿನೈದನೆಯ ಶತಮಾನದಲ್ಲಿ ಇಟಲಿಯ ಆಲ್ಬರ್ಟಿಯು ಅವನನ್ನು ಅನುಸರಿಸಿ ಲ್ಯಾಟಿನ್ ಭಾಷೆಯಲ್ಲಿ ಚಿತ್ರಗಳಿಲ್ಲದ ಗ್ರಂಥವನ್ನು ಬರೆದನು. ಅದು 1485ರಲ್ಲಿ ಅಚ್ಚಾಯಿತು. ಪಂಡಿತರು ಮೆಚ್ಚಿದರು. ಆದರೆ 1570ರಲ್ಲಿ ಪಲ್ಲಾಡಿಯೋ ಎಂಬವನು ವೆನಿಸ್ ನಗರದಲ್ಲಿ ಪ್ರಕಟಿಸಿದ ನಾಲ್ಕು ಭಾಗಗಳ ಪುಸ್ತಕದ ರೀತಿಯೇ ಬೇರೆ. ಅದು ಜನರಾಡುವ ಇಟಾಲಿಯನ್ ಭಾಷೆಯಲ್ಲಿದ್ದಿತು. ಅಳತೆಗಳನ್ನು ನಮೂದಿಸಿದ ಚಿತ್ರಗಳು ಅದರಲ್ಲಿ ತುಂಬಿದ್ದುವು. ಕಲ್ಲುಕುಟಿಗನ ಮಗನಾಗಿ ಅಲ್ಲದಿದ್ದರೂ ಕಲ್ಲುಕುಟಿಗನಾಗಿಯೇ ದುಡಿಮೆಗೆ ತೊಡಗಿದ್ದ ಅವನಿಗೆ, ಕೆಲಸಗಾರನು ಹೇಗೆ ಗ್ರಹಿಸುತ್ತಾನೆಂಬುದು ಗೊತ್ತಿತ್ತು. ಆ ಪುಸ್ತಕದ ಪ್ರಭಾವವು ಇಂಗ್ಲೆಂಡಿಗೂ ಅಮೆರಿಕೆಗೂ ಹರಡಿದುದರಲ್ಲಿ ಆಶ್ಚರ್ಯವೇನು?

ಇನ್ನು ಈಚಿನ ಪುಸ್ತಕಗಳು. 1923ರಲ್ಲಿ ಪ್ಯಾರಿಸಿನಲ್ಲಿ ಲ ಕಾರ್ಬೂಸಿಯೇ ಎಂಬವರು, ಮನೆಯೆಂಬುದು ವಾಸಕ್ಕಾಗಿರುವ ಒಂದು ಯಂತ್ರವೆಂದು ಸಾರಿದರು. ಇವರೇ ಮುಂದೆ ಚಂಡೀಗಢವನ್ನು ರೂಪಿಸಿದವರು. 1936ರಲ್ಲಿ ಜರ್ಮನಿಯ ನಾಯ್‌ಫರ್ಟ್ ಎಂಬವರು, ಮನುಷ್ಯನು ಕೂರಲು, ಮಲಗಲು, ನಡೆಯಲು ಬೇಕಾದ ಸ್ಥಳವನ್ನೆಲ್ಲ ಅಳೆದು ಚಿತ್ರಸಹಿತವಾಗಿ ಕೋಶವನ್ನು ರಚಿಸಿದರು. ನಮ್ಮ ದೇಶದಲ್ಲಿ 1970ರಲ್ಲಿ ರಾಷ್ಟ್ರೀಯ ಕಟ್ಟಡ ಸಂಹಿತೆಯು ಹೊರಟು, 1983, 2005, 2016ರಲ್ಲಿ ಪರಿಷ್ಕರಣ ಹೊಂದಿತು. ಬೆಂಕಿ, ಭೂಕಂಪ, ಗಾಳಿ, ಬೆಳಕು ಇವುಗಳ ವಿಷಯದಲ್ಲಿ ಹಿಂದಿನವರಿಗೆ ತಿಳಿಯದಿದ್ದ ಎಷ್ಟೋ ಸಂಗತಿಗಳು ಅದರಲ್ಲಿವೆ.

ಹೊಸ ಪುಸ್ತಕಗಳಿಂದ ಆಗಿರುವ ಲಾಭವನ್ನು ಮರೆಮಾಚುವುದು ನ್ಯಾಯವಲ್ಲ. ವಜ್ರಲೇಪವೆಂಬ ಗಾರೆಯು ಕೋಟಿ ವರ್ಷ ನಿಲ್ಲುವುದೆಂದು ಬೃಹತ್ಸಂಹಿತೆಯು ಹೇಳಿದರೆ ನಾವು ನಂಬಬೇಕಾಗಿಲ್ಲ. ಇಂದಿನ ಶಾಸ್ತ್ರವು ಗಾರೆಯನ್ನು ಒತ್ತಿ, ಒಡೆದು, ಲೆಕ್ಕ ಹಾಕಿ ಹೇಳುತ್ತದೆ. ಅದೇ ಗ್ರಂಥವು ಬ್ರಾಹ್ಮಣನ ಮನೆಗೆ 32 ಹಸ್ತದ ಅಗಲವನ್ನು ವಿಧಿಸಿ, ಅಲ್ಲಿಂದ ಜಾತಿಗೆ ನಾಲ್ಕು ನಾಲ್ಕು ಹಸ್ತವನ್ನು ಕಡಮೆಮಾಡುತ್ತ 16ಕ್ಕೆ ಇಳಿಸುತ್ತದೆ. ಹುಟ್ಟನ್ನು ನೋಡಿ ಕೋಣೆಯನ್ನು ಅಳೆಯುವ ಈ ವಿಧಿಯು ಇಂದು ಸರ್ವಥಾ ಅಗ್ರಾಹ್ಯ. ಈಗಿನ ಸಂಹಿತೆಯು ನಿವೇಶನವನ್ನೂ ಬಳಕೆಯನ್ನೂ ನೋಡುತ್ತದೆಯೇ ಹೊರತು ಕುಲವನ್ನಲ್ಲ. ಶಾಸ್ತ್ರವನ್ನು ಗೌರವಿಸುವವರು ಅದರ ದೋಷವನ್ನು ಒಪ್ಪಿಕೊಳ್ಳುವ ಧೈರ್ಯವನ್ನೂ ತೋರಿಸಬೇಕು.

ಆದರೆ ನಷ್ಟವೂ ಉಂಟು. ಹೊಸ ಪುಸ್ತಕವು ನಕ್ಷೆ ಬರೆಯುವವನೊಡನೆ ಮಾತನಾಡುತ್ತದೆ. ಗೋಡೆ ಎಬ್ಬಿಸುವವನೊಡನೆ ಮಾತನಾಡುವುದಿಲ್ಲ. ಹಿಂದೆ ಶಾಸ್ತ್ರವು ಸಂಸ್ಕೃತದಲ್ಲಿದ್ದು ಪಂಡಿತನ ಕೈಯಲ್ಲಿ ಉಳಿಯಿತು. ಇಂದು ಅದರ ಬಹುಭಾಗವು ಇಂಗ್ಲಿಷಿನಲ್ಲಿದ್ದು ಎಂಜಿನಿಯರನ ಕೈಯಲ್ಲಿ ಉಳಿದಿದೆ. ಕರಣೆಯನ್ನು ಹಿಡಿದ ಮೇಸ್ತ್ರಿಗೆ ಅಂದೂ ಇಂದೂ ಬಾಗಿಲು ಮುಚ್ಚಿಯೇ ಇದೆ. ಕಾಂಕ್ರೀಟಿಗೆ ನೀರು ಎಷ್ಟು, ಅದನ್ನು ಎಷ್ಟು ದಿವಸ ತೇವವಾಗಿಡಬೇಕು, ಕಬ್ಬಿಣವನ್ನು ಎಲ್ಲಿ ಬಗ್ಗಿಸಬೇಕು ಎಂಬ ಸಂಗತಿಗಳ ಮೇಲೆ ಮನೆಯವರ ಪ್ರಾಣವೇ ನಿಂತಿದೆ. ಅವನ್ನು ಮಾಡುವವನಿಗೆ ಅವುಗಳ ಕಾರಣವನ್ನು ಅವನ ಮಾತಿನಲ್ಲಿ ಹೇಳುವವರಿಲ್ಲ.

ಈ ಬಾಗಿಲನ್ನು ತೆರೆಯಲು ಯತ್ನಿಸಿದ ಮಹನೀಯರೊಬ್ಬರು ನಮ್ಮ ಬೆಂಗಳೂರಿನಲ್ಲಿಯೇ ಇದ್ದರು. ಅವರು ಇಲ್ಲಿ ನ್ಯಾಯಾಧಿಪತಿಗಳಾಗಿದ್ದ ರಾಮರಾಜರು. ಮಾನಸಾರವೇ ಮೊದಲಾದ ತಾಳೆಗರಿಗಳನ್ನು ಕೂಡಿಸಿ ಓದತೊಡಗಿದಾಗ, ಪಂಡಿತರಿಗೆ ಕಸುಬಿನ ಮಾತುಗಳು ತಿಳಿಯವು, ಶಿಲ್ಪಿಗಳಿಗೆ ಸಂಸ್ಕೃತವು ಬಾರದು ಎಂಬುದನ್ನು ಅವರು ಕಂಡರು. ಆಗ ತಂಜಾವೂರು ಸೀಮೆಯ ಒಬ್ಬ ಶಿಲ್ಪಿಯ ನೆರವನ್ನು ಪಡೆದು, ಗ್ರಂಥದ ಮಾತನ್ನು ನಿಂತಿರುವ ದೇವಾಲಯಗಳೊಡನೆ ಹೋಲಿಸಿ ಅರ್ಥಮಾಡಿದರು. 48 ಚಿತ್ರಪಟಗಳೊಡನೆ ಅವರ ಪ್ರಬಂಧವು 1834ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದನ್ನು ನೋಡಲು ಅವರು ಬದುಕಿರಲಿಲ್ಲ. ಮೈಸೂರು ಸೀಮೆಯಲ್ಲಿ ಸಿದ್ಧವಾದ ಆ ಗ್ರಂಥವು ಇಂಗ್ಲಿಷಿನಲ್ಲಿತ್ತೆಂಬುದನ್ನೂ ನೆನೆಯಬೇಕು.

ಅವರು ತುಳಿದ ದಾರಿಯು ಇಂದಿಗೂ ಸವೆದಿಲ್ಲ. ಭೋಜಪುರದಲ್ಲಿ ಅಪೂರ್ಣವಾಗಿ ನಿಂತ ಶಿವಾಲಯದ ಸುತ್ತಣ ಬಂಡೆಗಳ ಮೇಲೆ ಶಿಲ್ಪಿಗಳು ಗೀರಿದ ನಕ್ಷೆಗಳಿವೆ. ಅವನ್ನೂ ಸಮರಾಂಗಣ ಸೂತ್ರಧಾರವನ್ನೂ ಒಟ್ಟಿಗೆ ಓದಿ, ಆಡಮ್ ಹಾರ್ಡಿಯವರು ಮತ್ತೊಬ್ಬ ಸಂಸ್ಕೃತ ವಿದ್ವಾಂಸರೊಡನೆ 2015ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಶ್ಲೋಕವೂ ಗೆರೆಯೂ ಒಂದನ್ನೊಂದು ಬೆಳಗಿದುವು.

ಪ್ರಕೃತ ನಮ್ಮ ನಾಡಿಗೆ ಬೇಕಾದುದು ಇಂಥ ಸಹವಾಸವೇ. ವಿಶ್ವವಿದ್ಯಾನಿಲಯಗಳು ಪಂಡಿತರನ್ನೂ ಎಂಜಿನಿಯರರನ್ನೂ ಅನುಭವಸ್ಥ ಮೇಸ್ತ್ರಿಗಳನ್ನೂ ಒಂದೇ ಜಮಖಾನೆಯ ಮೇಲೆ ಕೂರಿಸಲಿ. ಪಲ್ಲಾಡಿಯೋವಿನ ಹಾಗೆ ಅಳತೆಯ ಚಿತ್ರಗಳುಳ್ಳ, ಸುಲಭವಾದ ಬೆಲೆಯ ಕಟ್ಟಡದ ಪುಸ್ತಕವು ತಿಳಿಗನ್ನಡದಲ್ಲಿ ಹೊರಡಲಿ. ಗಾರೆಯವರು, ಬಡಗಿಗಳು, ಕಲ್ಲುಕುಟಿಗರು ಆಡುವ ಮಾತುಗಳೇ ಅದರ ಪರಿಭಾಷೆಯಾಗಲಿ. ಮನೆ ಕಟ್ಟಿಸುವ ಗೃಹಸ್ಥರಿಗೆ ನಾವು ಹೇಳತಕ್ಕದ್ದು ಇಷ್ಟೆ: ಶಾಸ್ತ್ರದಲ್ಲಿ ನಿಮಗೆ ಭಕ್ತಿಯಿದ್ದರೆ ಅದು ಮೊದಲು ಹೇಳಿದುದನ್ನು ಮೊದಲು ಮಾಡಿರಿ. ಬಾಗಿಲ ದಿಕ್ಕನ್ನು ಕೇಳುವುದಕ್ಕೆ ಮುಂಚೆ ನೆಲವನ್ನು ಪರೀಕ್ಷಿಸಿರಿ. ಗೋಡೆ ಎಬ್ಬಿಸುವವನು ಕೆಲಸವನ್ನು ಬಲ್ಲನೇ ಎಂದು ವಿಚಾರಿಸಿರಿ.