ಬಂದರಿನ ಬಿಲ್ಲು, ಖಣಿಯ ಲೆಕ್ಕ

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸುತ್ತಿನ ಸುಣ್ಣದಕಲ್ಲು ಒಂದೆಡೆ ಸಿಮೆಂಟ್ ಆಗುತ್ತದೆ, ಇನ್ನೊಂದೆಡೆ ಫರಸಿಯಾಗಿ ಮನೆ-ಅಂಗಳಕ್ಕೆ ಹಾಸಾಗುತ್ತದೆ. ಆ ಫರಸಿಯನ್ನು ಹೊರದೇಶಕ್ಕೆ ಕಳಿಸಬೇಕೆಂದರೆ ಇಲ್ಲಿನವರಿಗೆ ಸಮೀಪದಲ್ಲಿ ಬಂದರಿಲ್ಲ. ಪಶ್ಚಿಮಕ್ಕೆ ಮುಂಬೈ ಬಳಿಯ ನ್ಹಾವಾ ಶೇವಾ, ಪೂರ್ವಕ್ಕೆ ಚೆನ್ನೈ ನೋಡಬೇಕು. ಅಲ್ಲಿಂದ ಬರುವ ಬಿಲ್ಲಿನಲ್ಲಿ ಹಡಗು ಬಾಡಿಗೆಯಲ್ಲದೆ ‘ಟಿಎಚ್‌ಸಿ’, ಅಂದರೆ ಟರ್ಮಿನಲ್ ಹ್ಯಾಂಡ್ಲಿಂಗ್ ಚಾರ್ಜ್ ಎಂಬ ಬಾಬ್ತೂ ಇರುತ್ತದೆ. ಕಂಟೇನರನ್ನು ಲಾರಿಯಿಂದ ಇಳಿಸಿ, ಯಾರ್ಡಿನಲ್ಲಿ ಪೇರಿಸಿ, ಕ್ರೇನಿನಿಂದ ಹಡಗಿಗೆ ಏರಿಸುವ ಕೂಲಿ ಅದು. ಬಿಲ್ಲು ಬಂದ ಮೇಲೆ ಚೌಕಾಸಿ ಮಾಡಿ ಪ್ರಯೋಜನವಿಲ್ಲ. ಅದು ಯಾರ ತಲೆಗೆ, ಟನ್ನಿಗೆ ಎಷ್ಟು ಎಂಬುದು ಕರಾರು ಬರೆಯುವಾಗ ಮತ್ತು ಕಲ್ಲು ತುಂಬುವಾಗಲೇ ಇತ್ಯರ್ಥವಾಗಿರುತ್ತದೆ.

ಮೊದಲು ಕರಾರಿನ ಮಾತು. ಟರ್ಮಿನಲ್ ತನ್ನ ಕೂಲಿಯನ್ನು ಹಡಗು ಕಂಪನಿಯಿಂದ ಪಡೆಯುತ್ತದೆ. ಕಂಪನಿ ತಾನೇ ಗೊತ್ತುಮಾಡಿದ ದರದಲ್ಲಿ ವ್ಯಾಪಾರಿಯಿಂದ ವಸೂಲು ಮಾಡುತ್ತದೆ. ಪ್ರಮುಖ ಬಂದರುಗಳ ದರಕ್ಕೆ 1997ರಲ್ಲಿ ಸುಂಕ ಪ್ರಾಧಿಕಾರ ಬಂತು, 2021ರ ಕಾಯ್ದೆ ಆ ಅಧಿಕಾರವನ್ನು ಬಂದರು ಮಂಡಳಿಗಳಿಗೆ ಕೊಟ್ಟಿತು. ಆದರೆ ಇವೆಲ್ಲ ಬಂದರಿನ ದರಪಟ್ಟಿಯ ವಿಷಯ, ಹಡಗು ಕಂಪನಿ ಹಾಕುವ ಟಿಎಚ್‌ಸಿಯದಲ್ಲ. ಹಾಗಾಗಿ ಒಂದೇ ಟರ್ಮಿನಲ್‌ನಲ್ಲಿ ಎರಡು ಕಂಪನಿಗಳ ದರ ಬೇರೆಬೇರೆ ಇರಬಹುದು. ಎಫ್‌ಒಬಿ, ಅಂದರೆ ಸರಕು ಹಡಗೇರುವವರೆಗಿನ ಖರ್ಚು ಮಾರುವವನದಾದ ಕರಾರಿನಲ್ಲಿ ಹಡಗನ್ನು ಆರಿಸುವವನು ಕೊಳ್ಳುವವನು, ಇಲ್ಲಿನ ಟಿಎಚ್‌ಸಿ ಕಟ್ಟುವವನು ಮಾರುವವನು. ಬಾಡಿಗೆ ಕಡಿಮೆ, ಸ್ಥಳೀಯ ಶುಲ್ಕ ಜಾಸ್ತಿ ಇರುವ ಕಂಪನಿಯನ್ನು ಹಿಡಿದರೆ ಲಾಭ ಕೊಳ್ಳುವವನಿಗೆ, ಖರ್ಚು ಮಾರುವವನಿಗೆ. ದರ ಹೇಳುವ ಮುನ್ನವೇ ಹಡಗು ಕಂಪನಿಯ ಹೆಸರು ಕೇಳುವುದು, ಇಲ್ಲವೇ ಟಿಎಚ್‌ಸಿ ಯಾರದೆಂದು ಸ್ಪಷ್ಟವಾಗಿ ಬರೆಸುವುದು ಅದಕ್ಕೇ ಅಗತ್ಯ.

ಇನ್ನು ತುಂಬುವ ಲೆಕ್ಕ. ಟಿಎಚ್‌ಸಿ ಬೀಳುವುದು ಪೆಟ್ಟಿಗೆಯ ಮೇಲೆ, ಟನ್ನಿನ ಮೇಲಲ್ಲ. ಇಪ್ಪತ್ತಡಿಯದಾಗಲಿ ನಲವತ್ತಡಿಯದಾಗಲಿ, ಸಾಮಾನ್ಯ ಕಂಟೇನರಿನ ಗರಿಷ್ಠ ಒಟ್ಟು ತೂಕ ಹೆಚ್ಚುಕಡಿಮೆ ಒಂದೇ, ಮೂವತ್ತು ಟನ್ನಿನ ಆಸುಪಾಸು. ಹತ್ತಿಗೆ ಜಾಗ ಬೇಕು, ಕಲ್ಲಿಗೆ ಬೇಕಾದ್ದು ತೂಕದ ಅವಕಾಶ. ದೊಡ್ಡ ಪೆಟ್ಟಿಗೆಯ ಸ್ವಂತ ಭಾರವೇ ಹೆಚ್ಚಾದ್ದರಿಂದ ಅದರಲ್ಲಿ ಫರಸಿ ಹೆಚ್ಚೇನೂ ಹಿಡಿಯುವುದಿಲ್ಲ, ಶುಲ್ಕ ಮಾತ್ರ ಹೆಚ್ಚು. ಆದ್ದರಿಂದ ಕಲ್ಲಿಗೆ ಇಪ್ಪತ್ತಡಿಯದೇ ಸರಿ, ಅದನ್ನೂ ರಸ್ತೆ ಮತ್ತು ಹಡಗಿನ ತೂಕದ ಮಿತಿಯೊಳಗೆ ಪೂರ್ತಿ ತುಂಬಬೇಕು. ಚಪ್ಪಡಿಗಳನ್ನು ನಿಲ್ಲಿಸಿ ಬಿಗಿಯುವ ಮರದ ಚೌಕಟ್ಟಿನ ಮೇಲೆ ಕ್ರಿಮಿಶುದ್ಧಿಯ ಮುದ್ರೆ ಇಲ್ಲದಿದ್ದರೆ ಕೊಳ್ಳುವವನ ದೇಶದಲ್ಲಿ ಪೆಟ್ಟಿಗೆಯನ್ನು ತಡೆಯಬಹುದು. 2016ರಿಂದ ಕಡ್ಡಾಯವಾದ ತೂಕದ ದೃಢೀಕರಣ ತಪ್ಪಿದರೆ, ಪೆಟ್ಟಿಗೆಗೆ ಹಡಗು ತಪ್ಪಿ ಅದು ಇಲ್ಲಿನ ಯಾರ್ಡಿನಲ್ಲೇ ಉಳಿಯಬಹುದು. ಆಗ ಪುಕ್ಕಟೆಯಾಗಿ ಇಡಬಹುದಾದ ದಿನಗಳು ಮುಗಿದು ದಿನಬಾಡಿಗೆ ಏರತೊಡಗುತ್ತದೆ. ವ್ಯಾಪಾರಿ ಅದನ್ನೂ ಟಿಎಚ್‌ಸಿ ಎಂದೇ ಬೈಯುತ್ತಾನೆ. ನಿಜವಾಗಿ ಅದು ತಡವಾದುದರ ದಂಡ.

ತಿಂಗಳಿಗೊಂದೆರಡು ಪೆಟ್ಟಿಗೆ ಕಳಿಸುವವನ ಮಾತಿಗೆ ಹಡಗು ಕಂಪನಿ ಕಿವಿಗೊಡುತ್ತದೆಯೇ ಎಂದು ಕೇಳಬಹುದು. ಕೊಡುವುದಿಲ್ಲ, ನಿಜ. ಆದರೆ ಹಲವು ವ್ಯಾಪಾರಿಗಳ ಪೆಟ್ಟಿಗೆಗಳನ್ನು ಒಟ್ಟಿಗೆ ಬುಕ್ ಮಾಡುವ ಫಾರ್ವರ್ಡರ್‌ಗಳಿಗೆ ಚೌಕಾಸಿಯ ಬಲವಿದೆ. ಅವರಿಂದ ಒಟ್ಟು ಮೊತ್ತದ ಜೊತೆಗೆ ಬಾಬ್ತುವಾರು ದರವನ್ನೂ ಬರಹದಲ್ಲಿ ಪಡೆಯಬಹುದು. ಶುಲ್ಕವನ್ನು ಕೊಳ್ಳುವವನಿಗೆ ದಾಟಿಸಿದರೆ ಅವನು ಕಲ್ಲಿನ ದರವನ್ನೇ ಇಳಿಸುವನಲ್ಲ ಎಂಬ ಆಕ್ಷೇಪದಲ್ಲೂ ಹುರುಳಿದೆ. ಹಾಗಿದ್ದರೂ ಮೊದಲೇ ಗೊತ್ತಿರುವ ಖರ್ಚನ್ನು ದರದಲ್ಲಿ ಸೇರಿಸಬಹುದು, ಸಾಗಿಸಿದ ಮೇಲೆ ಬಂದ ಬಿಲ್ಲನ್ನು ಲಾಭದಿಂದಲೇ ಕಟ್ಟಬೇಕು. ಲಾಭದ ಅಂಚು ತೆಳುವಾಗಿರುವ ಕಲ್ಲಿನ ವ್ಯಾಪಾರದಲ್ಲಿ ಉಳಿಯುವುದು, ಅಳಿಯುವುದು ಈ ವ್ಯತ್ಯಾಸದ ಮೇಲೇ.